ಫಾರ್ಮ್ಯಾಟ್ ಹೊಡೆಯೋದಕ್ಕೆ ಮುಂಚೆ

ಹೋದ ವರ್ಷ, ಆರನೇ ಸೆಮ್. ಮಿನಿ ಪ್ರಾಜೆಕ್ಟಿನ ಕೊನೆಯ ರಿವ್ಯೂಗೆ ನಾಲ್ಕು ದಿನ ಇತ್ತು. ರಾತ್ರಿ ಹತ್ತೂವರೆ ಹೊತ್ತಿಗೆ ನನ್ನ ರೂಮ್‌ಮೇಟ್ ತನ್ನ ಲ್ಯಾಪ್‌ಟಾಪ್ ತಂದು ನನ್ನ ಟೇಬಲ್ ಮೇಲಿಟ್ಟ. “ಮಗಾ, ವಿಂಡೋಸ್ ಬರ್ತಾನೇ ಇಲ್ಲ ಕಣೋ.” ಪರದೆಯ ಮೇಲೆ ‘ಆಟೋಮ್ಯಾಟಿಕ್ ರಿಪೇರ್’ ಅಂತ ಬರೋದು, ಐದು ನಿಮಿಷ ಸುತ್ತೋದು, ಮತ್ತೆ ರೀಸ್ಟಾರ್ಟ್ ಆಗೋದು. ಇದೇ ನಡೀತಿತ್ತು.

ಅವನ ಪ್ರಾಜೆಕ್ಟ್ ಏನಪ್ಪಾ ಅಂದ್ರೆ, ತೀರ್ಥಹಳ್ಳಿ ಹತ್ತಿರ ಅವರ ಮನೆ ಅಡಿಕೆ ತೋಟದಲ್ಲಿ ಮಣ್ಣಿನ ತೇವಾಂಶದ ಸೆನ್ಸರ್ ಹೂತು, ಜನವರಿಯಿಂದ ಏಪ್ರಿಲ್‌ವರೆಗೆ ಹದಿನೈದು ನಿಮಿಷಕ್ಕೊಂದು ರೀಡಿಂಗ್ ತೆಗೆದಿದ್ದ. ಕೋಡ್ ಎಲ್ಲಾ ಗಿಟ್‌ಹಬ್‌ನಲ್ಲಿತ್ತು. ರೀಡಿಂಗ್ ಮಾತ್ರ ಎಸ್‌ಡಿ ಕಾರ್ಡ್‌ನಿಂದ ಲ್ಯಾಪ್‌ಟಾಪಿಗೆ ಹಾಕ್ಕೊಂಡು, ಕಾರ್ಡ್ ಖಾಲಿ ಮಾಡಿ ಮತ್ತೆ ತೋಟಕ್ಕೆ ಕಳಿಸ್ತಿದ್ದ. ಕೋಡ್ ಹೋದ್ರೆ ನಾಲ್ಕು ರಾತ್ರಿ ನಿದ್ದೆಗೆಟ್ಟು ಮತ್ತೆ ಬರೀಬಹುದು. ಹೋದ ಬೇಸಿಗೆಯ ಮಣ್ಣಿನ ತೇವಾಂಶವನ್ನ ಮತ್ತೆ ಎಲ್ಲಿಂದ ತರೋದು?

ಬೆಳಗ್ಗೆ ಪೇಟೆಯ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ಒಂದು ಸಲ ಆನ್ ಮಾಡಿ ನೋಡಿ, “ಫಾರ್ಮ್ಯಾಟ್ ಹೊಡೀಬೇಕು, ಡೇಟಾ ಗ್ಯಾರಂಟಿ ಇಲ್ಲ” ಅಂದ್ರು. ವಾಪಸ್ ಬಂದು ನಾನೇ ಬುದ್ಧಿವಂತಿಕೆ ತೋರಿಸಿದೆ. ಯೂಟ್ಯೂಬಲ್ಲಿ ನೋಡಿದ ಹಾಗೆ ರಿಕವರಿ ಸ್ಕ್ರೀನಿನ ಕಮಾಂಡ್ ಪ್ರಾಂಪ್ಟಿಗೆ ಹೋಗಿ, ಡಿ ಡ್ರೈವ್ ಮೇಲೆ ಚೆಕ್‌ಡಿಸ್ಕ್ ಓಡಿಸಿಬಿಟ್ಟೆ. ಅದೂ ಕೆಟ್ಟ ಸೆಕ್ಟರ್‌ಗಳನ್ನ ಹುಡುಕಿ ‘ಸರಿಮಾಡುವ’ ಆಯ್ಕೆಯ ಜೊತೆ. 14 ಪರ್ಸೆಂಟ್‌ಗೆ ಬಂದು ನಿಂತಿತು. ಒಳಗಿಂದ ಕಟ್... ಕಟ್... ಅಂತ ಸದ್ದು.

ಆ ಸದ್ದು ಕೇಳಿ ಪಕ್ಕದ ರೂಮಿನ ಸೀನಿಯರ್ ಅಣ್ಣ ಬಂದವರು ಮೊದಲು ಮಾಡಿದ ಕೆಲಸ, ಪವರ್ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪ್ ಆಫ್ ಮಾಡಿದ್ದು. “ಸಾಯ್ತಿರೋ ಡಿಸ್ಕ್ ಮೇಲೆ ಬರೀತಾರೇನೋ?” ಅಂತ ಬೈದು, ಬೀಗದ ಕೈ ಗೊಂಚಲಿನಿಂದ ಒಂದು ಪೆನ್‌ಡ್ರೈವ್ ಬಿಚ್ಚಿದರು. ಈ ಲೇಖನ ಆ ಪೆನ್‌ಡ್ರೈವ್ ಬಗ್ಗೆ.

ಕೆಟ್ಟಿರೋದು ಯಾವುದು?

ಲ್ಯಾಪ್‌ಟಾಪ್ ಆನ್ ಆಗ್ಲಿಲ್ಲ ಅಂದ ತಕ್ಷಣ ನಾವು ‘ಎಲ್ಲಾ ಹೋಯ್ತು’ ಅಂದ್ಕೋತೀವಿ. ಆದರೆ ಬಹಳ ಸಲ ಕೆಟ್ಟಿರೋದು ಆಪರೇಟಿಂಗ್ ಸಿಸ್ಟಮ್ ಮಾತ್ರ. ಒಂದು ಅಪ್‌ಡೇಟ್ ಅರ್ಧಕ್ಕೆ ನಿಂತಿರುತ್ತೆ, ಒಂದು ಡ್ರೈವರ್ ಕೈ ಕೊಟ್ಟಿರುತ್ತೆ, ಬೂಟ್‌ಲೋಡರ್ ಅಳಿಸಿಹೋಗಿರುತ್ತೆ. ನಿಮ್ಮ ಫೈಲ್‌ಗಳು ಡಿಸ್ಕ್‌ನಲ್ಲಿ ಇದ್ದಲ್ಲೇ ಇರುತ್ತವೆ, ಅವನ್ನ ತೋರಿಸಬೇಕಾದ ವಿಂಡೋಸ್ ಎದ್ದೇಳ್ತಿಲ್ಲ ಅಷ್ಟೇ. ಕೆಟ್ಟು ನಿಂತ ಬಸ್ಸನ್ನ ಅದರದೇ ಇಂಜಿನ್‌ನಿಂದ ಡಿಪೋಗೆ ಒಯ್ಯೋಕಾಗಲ್ಲ, ಇನ್ನೊಂದು ಗಾಡಿ ಬಂದು ಎಳೀಬೇಕು. ಲೈವ್ ಲಿನಕ್ಸ್ ಆ ಇನ್ನೊಂದು ಗಾಡಿ.

ಇದು ಹೇಗೆ ಸಾಧ್ಯ? ಕಂಪ್ಯೂಟರ್ ಆನ್ ಆದಾಗ ಮೊದಲು ಓಡೋದು ಮದರ್‌ಬೋರ್ಡ್ ಮೇಲಿನ ಫರ್ಮ್‌ವೇರ್, ಈಗಿನ ಯಂತ್ರಗಳಲ್ಲಿ ಯುಇಎಫ್‌ಐ. ಅದಕ್ಕೆ ವಿಂಡೋಸ್ ಮೇಲೆ ಯಾವ ಮಮಕಾರವೂ ಇಲ್ಲ. ಪೆನ್‌ಡ್ರೈವಿನಲ್ಲಿ ಫ್ಯಾಟ್ ಪಾರ್ಟಿಷನ್ ಇದ್ದು, ಅದರ ಇಎಫ್‌ಐ ಫೋಲ್ಡರಿನೊಳಗಿನ ಬೂಟ್ ಫೋಲ್ಡರಲ್ಲಿ ನಿಗದಿತ ಹೆಸರಿನ ಒಂದು ಫೈಲ್ ಇದ್ದರೆ ಸಾಕು, ಅದನ್ನೇ ಓಡಿಸುತ್ತೆ. ಆ ಫೈಲ್ ಬೂಟ್‌ಲೋಡರ್. ಅದು ಲಿನಕ್ಸ್ ಕರ್ನಲನ್ನೂ ಜೊತೆಗೆ ಒಂದು ಪುಟ್ಟ ತಾತ್ಕಾಲಿಕ ಫೈಲ್ ಸಿಸ್ಟಮನ್ನೂ ರ್ಯಾಮ್‌ಗೆ ಏರಿಸುತ್ತೆ. ಕರ್ನಲ್ ಎದ್ದು ಹಾರ್ಡ್‌ವೇರ್ ಗುರುತಿಸಿ, ಪೆನ್‌ಡ್ರೈವಿನಲ್ಲಿರೋ ಒಂದು ದೊಡ್ಡ ಕುಗ್ಗಿಸಿದ ಫೈಲನ್ನ ತೆರೆಯುತ್ತೆ. ಹೆಚ್ಚಾಗಿ ಅದು ಸ್ಕ್ವಾಶ್‌ಎಫ್‌ಎಸ್ ಅನ್ನೋ ಮಾದರಿಯದು. ಇಡೀ ಆಪರೇಟಿಂಗ್ ಸಿಸ್ಟಮ್ ಅದರೊಳಗೇ ಇರುತ್ತೆ.

ಸ್ಕ್ವಾಶ್‌ಎಫ್‌ಎಸ್ ಓದೋಕೆ ಮಾತ್ರ, ಬರೆಯೋಕಾಗಲ್ಲ. ಆದರೆ ಬರೆಯೋಕೆ ಜಾಗ ಇಲ್ಲದೆ ಯಾವ ಸಿಸ್ಟಮ್ಮೂ ನಡೆಯಲ್ಲ. ಅದಕ್ಕೆ ರ್ಯಾಮ್‌ನಲ್ಲಿ ಒಂದು ಖಾಲಿ ಜಾಗ ಮಾಡಿ, ಅದನ್ನ ಇದರ ಮೇಲೆ ಹೊದಿಸ್ತಾರೆ. ಪುಸ್ತಕದ ಪುಟದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಬರೆದ ಹಾಗೆ. ನೋಡೋಕೆ ಪುಟದ ಮೇಲೇ ಬರೆದಂತಿರುತ್ತೆ, ಪೇಪರ್ ತೆಗೆದರೆ ಪುಟ ಮೊದಲಿನ ಹಾಗೇ ಇರುತ್ತೆ. ಈ ಕೆಲಸಕ್ಕೆ ಈಗ ಬಳಸೋ ಓವರ್‌ಲೇಎಫ್‌ಎಸ್ 2014ರಲ್ಲಿ 3.18ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಓಎಸ್ ಪಾಠದಲ್ಲಿ ‘ಮೌಂಟ್’ ಅಂತ ಒಂದೂವರೆ ಸಾಲಲ್ಲಿ ಮುಗಿಸ್ತಾರಲ್ಲ, ಅದು ಏನು ಅಂತ ನನಗೆ ನಿಜವಾಗಿ ಅರ್ಥ ಆಗಿದ್ದು ಇಲ್ಲೇ.

ಈ ಇಡೀ ಪ್ರಕ್ರಿಯೆಯಲ್ಲಿ ಒಳಗಿನ ಹಾರ್ಡ್ ಡಿಸ್ಕ್ ಹೆಸರೇ ಬರಲಿಲ್ಲ ಗಮನಿಸಿದ್ರಾ? ಅದೇ ವಿಷಯ. ಡಿಸ್ಕನ್ನ ಪೂರ್ತಿ ಕಿತ್ತು ಹಾಕಿದರೂ ಲೈವ್ ಲಿನಕ್ಸ್ ಏಳುತ್ತೆ. ಆಗ ಡಿಸ್ಕ್ ಬರೀ ಒಂದು ವಸ್ತು, ಟೇಬಲ್ ಮೇಲಿಟ್ಟು ಪರೀಕ್ಷೆ ಮಾಡಬಹುದಾದ ವಸ್ತು. ನೀವು ಮುಟ್ಟು ಅನ್ನೋ ತನಕ ಅದನ್ನ ಯಾರೂ ಮುಟ್ಟಲ್ಲ.

ಫ್ಲಾಪಿಯಿಂದ ಪೆನ್‌ಡ್ರೈವ್‌ಗೆ

ಈ ಐಡಿಯಾ ಹಳೇದು. ಒಂದೇ ಒಂದು ಫ್ಲಾಪಿಯಲ್ಲಿ ಹಿಡಿಸುವ ರಿಪೇರಿ ಲಿನಕ್ಸ್‌ಗಳು ತೊಂಬತ್ತರ ದಶಕದಲ್ಲೇ ಇದ್ದವು. ಆದರೆ ಜನರಿಗೆ ಹತ್ತಿರವಾಗಿದ್ದು ಜರ್ಮನಿಯ ಕ್ಲಾಸ್ ನಾಪರ್ 2000ದಲ್ಲಿ ಹೊರತಂದ ನಾಪಿಕ್ಸ್‌ನಿಂದ. 700 ಎಂಬಿ ಸಿಡಿಯಲ್ಲಿ ಸುಮಾರು 2 ಜಿಬಿ ಸಾಫ್ಟ್‌ವೇರನ್ನ ಕುಗ್ಗಿಸಿ ತುಂಬಿ, ಸಿಡಿ ಹಾಕಿದ್ರೆ ಪೂರ್ತಿ ಡೆಸ್ಕ್‌ಟಾಪ್ ಬರೋ ಹಾಗೆ ಮಾಡಿದ್ರು. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಪಪ್ಪಿ ಲಿನಕ್ಸ್ ಶುರು ಮಾಡಿದ್ರು. ಅದು ಪೂರ್ತಿ ರ್ಯಾಮ್‌ಗೆ ಏರಿಕೊಂಡು ಓಡುತ್ತೆ. ಡ್ಯಾಮ್ ಸ್ಮಾಲ್ ಲಿನಕ್ಸ್‌ನವರು 50 ಎಂಬಿ ದಾಟಲ್ಲ ಅಂತ ಹಟ ಹಿಡಿದಿದ್ರು. ಕಾರಣ, ವಿಸಿಟಿಂಗ್ ಕಾರ್ಡ್ ಗಾತ್ರದ ಸಿಡಿಯಲ್ಲಿ ಅಷ್ಟೇ ಹಿಡಿಯೋದು. 2024ರಲ್ಲಿ ಅದೇ ಹೆಸರು ಮತ್ತೆ ಬಂತು, ಈಗ ಮಿತಿ 700 ಎಂಬಿ! ಈಗಿನ ಬ್ರೌಸರ್‌ಗಳ ಹೊಟ್ಟೆ ನೋಡಿದ್ರೆ ಅವರ ತಪ್ಪಲ್ಲ ಬಿಡಿ. ಇವತ್ತಿಗೂ ಹಟ ಬಿಡದಿರೋದು ಟೈನಿ ಕೋರ್. 20 ಎಂಬಿ ಆಸುಪಾಸಿನಲ್ಲಿ ಮೌಸ್ ಹಿಡಿದು ಕೆಲಸ ಮಾಡೋ ಡೆಸ್ಕ್‌ಟಾಪ್ ಕೊಡುತ್ತೆ. ನಮ್ಮ ಲ್ಯಾಬ್ ರೆಕಾರ್ಡಿನ ಪಿಡಿಎಫ್ ಅದಕ್ಕಿಂತ ದೊಡ್ಡದಿದೆ.

ಅಣ್ಣನ ಪೆನ್‌ಡ್ರೈವಲ್ಲಿ ಇದ್ದಿದ್ದು ಸಿಸ್ಟಮ್‌ರೆಸ್ಕ್ಯೂ. ರಿಪೇರಿಗೆ ಅಂತಲೇ ಮಾಡಿದ್ದು. ಮೊದಲು ಜೆಂಟೂ ಮೇಲೆ ಕಟ್ಟಿದ್ರು, 2019ರಿಂದ ಆರ್ಚ್ ಲಿನಕ್ಸ್ ಮೇಲಿದೆ. ಗಾತ್ರ 1 ಜಿಬಿ ಚಿಲ್ಲರೆ. ಆಟ, ಆಫೀಸ್ ಸಾಫ್ಟ್‌ವೇರ್ ಅಂತ ಯಾವ ಅಲಂಕಾರವೂ ಇಲ್ಲ. ಪಾರ್ಟಿಷನ್ ಮಾಡೋ ಜಿಪಾರ್ಟೆಡ್, ಕಳೆದ ಪಾರ್ಟಿಷನ್ ಹುಡುಕೋ ಟೆಸ್ಟ್‌ಡಿಸ್ಕ್, ಅಳಿಸಿಹೋದ ಫೈಲ್ ಹುಡುಕೋ ಫೋಟೋರೆಕ್, ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್‌ಸಿಟಿಎಲ್, ಸಾಯ್ತಿರೋ ಡಿಸ್ಕಿನಿಂದ ನಕಲು ತೆಗೆಯೋ ಡಿಡಿರೆಸ್ಕ್ಯೂ, ಎಲ್ಲಾ ಅದರಲ್ಲೇ. ಬೂಟ್ ಆಗುವಾಗ ‘ಪೂರ್ತಿ ರ್ಯಾಮ್‌ಗೆ ಕಾಪಿ ಮಾಡು’ ಅನ್ನೋ ಆಯ್ಕೆ ತಗೊಂಡ್ರೆ, ಸಿಸ್ಟಮ್ ಎದ್ದ ಮೇಲೆ ಪೆನ್‌ಡ್ರೈವನ್ನೇ ಕಿತ್ಕೋಬಹುದು. ಎರಡೇ ಯುಎಸ್‌ಬಿ ಪೋರ್ಟ್ ಇರೋ ಲ್ಯಾಪ್‌ಟಾಪ್‌ಗಳಲ್ಲಿ ಇದು ದೊಡ್ಡ ಉಪಕಾರ.

ಮತ್ತೆ ಆ ರಾತ್ರಿಗೆ

ಅಣ್ಣ ಮೊದಲು ನೋಡಿದ್ದು ಡಿಸ್ಕ್ ತಾನೇ ತನ್ನ ಬಗ್ಗೆ ಬರೆದಿಟ್ಟುಕೊಳ್ಳೋ ಲೆಕ್ಕ. ಅದಕ್ಕೆ ಸ್ಮಾರ್ಟ್ ಅಂತಾರೆ. ಅದರಲ್ಲಿ ಹಾರ್ಡ್ ಡಿಸ್ಕ್‌ಗೆ ಮುಖ್ಯವಾದ ಸಾಲುಗಳು ಮೂರು. 5ನೇದು, ಈಗಾಗಲೇ ಕೆಟ್ಟು ಬೇರೆ ಕಡೆಗೆ ಬದಲಿಸಿದ ಸೆಕ್ಟರ್‌ಗಳು. 197ನೇದು, ಓದೋಕಾಗದೆ ಅನುಮಾನದಲ್ಲಿಟ್ಟಿರೋವು. 198ನೇದು, ಪರೀಕ್ಷೆಯಲ್ಲೂ ಸರಿಹೋಗದವು. ಮೂರೂ ಸೊನ್ನೆ ಇದ್ದರೆ ಸಾಮಾನ್ಯವಾಗಿ ತೊಂದರೆ ಸಾಫ್ಟ್‌ವೇರಿನದು, ಆರಾಮಾಗಿ ಫೈಲ್ ಕಾಪಿ ಮಾಡ್ಕೋಬಹುದು. ನಮ್ಮದರಲ್ಲಿ 197ರ ಮುಂದೆ 312 ಅಂತಿತ್ತು.

ಚೆಕ್‌ಡಿಸ್ಕ್ ಯಾಕೆ ತಪ್ಪಾಯ್ತು ಅಂತ ಆಮೇಲೆ ವಿವರಿಸಿದ್ರು. ಅದರ ಕೆಲಸ ಫೈಲ್ ಸಿಸ್ಟಮನ್ನ ಸುಸೂತ್ರ ಮಾಡೋದು, ನಿಮ್ಮ ಫೈಲ್ ಉಳಿಸೋದಲ್ಲ. ಯಾವುದೋ ದಾಖಲೆ ಓದೋಕಾಗ್ಲಿಲ್ಲ ಅಂದ್ರೆ, ಅದನ್ನ ಕತ್ತರಿಸಿ ಹಾಕಿ ಉಳಿದದ್ದನ್ನ ಒಪ್ಪವಾಗಿಡುತ್ತೆ. ಡಿಸ್ಕ್ ಗಟ್ಟಿಯಾಗಿದ್ದಾಗ ಸರಿ. ಡಿಸ್ಕೇ ಸಾಯ್ತಿದ್ದಾಗ, ಕೆಟ್ಟ ಜಾಗವನ್ನೇ ಮತ್ತೆ ಮತ್ತೆ ಓದಿ ಅದನ್ನ ಇನ್ನೂ ದಣಿಸುತ್ತೆ, ಮೇಲಿಂದ ಬರೆಯೋಕೂ ಹೋಗುತ್ತೆ. ಮೊದಲು ನಕಲು, ರಿಪೇರಿ ಆಮೇಲೆ, ಅದೂ ನಕಲಿನ ಮೇಲೆ. ಅವರು ಹೇಳಿಕೊಟ್ಟಿದ್ದು ಇಷ್ಟೇ, ಆದರೆ ಗಾಬರಿಯಲ್ಲಿ ನೆನಪಾಗದೇ ಇರೋದೂ ಇದೇ.

ನಕಲು ತೆಗೆಯೋಕೆ ಲಿನಕ್ಸ್‌ನಲ್ಲಿ ಹಳೇ ಡಿಡಿ ಇದೆ. ಆದರೆ ಡಿಡಿ ಮೊದಲಿಂದ ಕೊನೆವರೆಗೆ ನೇರ ಓದುತ್ತೆ, ಎರರ್ ಬಂದ ಕಡೆ ನಿಂತುಬಿಡುತ್ತೆ. ಗ್ನೂ ಡಿಡಿರೆಸ್ಕ್ಯೂ ಜಾಣ. ಪರೀಕ್ಷೆ ಹಾಲ್‌ನಲ್ಲಿ ನಾವು ಮಾಡೋದನ್ನೇ ಅದೂ ಮಾಡುತ್ತೆ. ಗೊತ್ತಿರೋ ಪ್ರಶ್ನೆಗಳನ್ನ ಮೊದಲು ಬರೆದು, ಕಷ್ಟದ್ದನ್ನ ಬಿಟ್ಟು ಮುಂದೆ ಹೋಗಿ, ಟೈಮ್ ಇದ್ರೆ ವಾಪಸ್ ಬರೋದು. ಸಲೀಸಾಗಿ ಓದೋಕಾಗೋ ಭಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತೆ, ಎಡವಿದ ಕಡೆ ಗುರುತು ಹಾಕಿ ಹಾರುತ್ತೆ. ಆಮೇಲೆ ಆ ಗುರುತಿನ ಜಾಗಗಳಿಗೆ ಮರಳಿ ಬಂದು ಅಂಚಿನಿಂದ ಚೂರು ಚೂರೇ ಕೆರೆಯುತ್ತೆ. ಗುರುತುಗಳೆಲ್ಲ ‘ಮ್ಯಾಪ್‌ಫೈಲ್’ ಅನ್ನೋ ಒಂದು ಸಣ್ಣ ಫೈಲಲ್ಲಿರುತ್ತವೆ. ಹಾಸ್ಟೆಲಲ್ಲಿ ಕರೆಂಟ್ ಹೋಗಿ ಎಲ್ಲಾ ಆಫ್ ಆದ್ರೂ, ಅದೇ ಮ್ಯಾಪ್‌ಫೈಲ್ ಕೊಟ್ಟು ಮತ್ತೆ ಓಡಿಸಿದರೆ ನಿಂತಲ್ಲಿಂದ ಮುಂದುವರಿಯುತ್ತೆ. ಹಾಗಾಗಿ ಮ್ಯಾಪ್‌ಫೈಲನ್ನ ಹೊರಗಿನ ಡಿಸ್ಕ್‌ನಲ್ಲೇ ಇಡಬೇಕು. ಲೈವ್ ಸಿಸ್ಟಮ್ಮಿನ ಹೋಮ್ ಫೋಲ್ಡರಲ್ಲಿಟ್ಟರೆ ಅದು ರ್ಯಾಮ್, ಕರೆಂಟ್ ಜೊತೆ ಅದೂ ಹೋಗುತ್ತೆ.

ಇಡೀ 1 ಟಿಬಿ ನಕಲು ಮಾಡೋಕೆ ಹೋಗ್ಲಿಲ್ಲ. ಬೇಕಾದ್ದು ಇದ್ದಿದ್ದು 300 ಜಿಬಿಯ ಡಿ ಡ್ರೈವಲ್ಲಿ. ಎದುರು ರೂಮಿನವನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಡಿ ತಂದು, ಆ ಪಾರ್ಟಿಷನ್ ಒಂದನ್ನೇ ಅದರಲ್ಲಿ ಒಂದು ಇಮೇಜ್ ಫೈಲಾಗಿ ಇಳಿಸಿದ್ವಿ. ಕಮಾಂಡ್ ಟೈಪ್ ಮಾಡಿ, ಎಂಟರ್ ಒತ್ತೋ ಮುಂಚೆ ಅಣ್ಣ ಡಿಸ್ಕ್‌ಗಳ ಪಟ್ಟಿ ಮತ್ತೊಮ್ಮೆ ತೆಗೆದು, ಗಾತ್ರ ಮತ್ತು ಮಾಡೆಲ್ ನಂಬರ್ ಜೋರಾಗಿ ಓದಿಸಿದರು. ಎಸ್‌ಡಿಎ ಯಾವುದು, ಎಸ್‌ಡಿಬಿ ಯಾವುದು ಅಂತ. ಎಲ್ಲಿಂದ, ಎಲ್ಲಿಗೆ ಅನ್ನೋದು ಅದಲುಬದಲಾದ್ರೆ ಖಾಲಿ ಡಿಸ್ಕಿನ ‘ನಕಲು’ ನಿಮ್ಮ ಡೇಟಾ ಮೇಲೆ ಬಂದು ಕೂರುತ್ತೆ. ಡಿಡಿ ಅಂದ್ರೆ ಡಿಸ್ಕ್ ಡೆಸ್ಟ್ರಾಯರ್ ಅನ್ನೋ ಹಳೇ ಜೋಕ್ ಸುಮ್ನೆ ಹುಟ್ಟಿದ್ದಲ್ಲ.

ಮೊದಲ ಸುತ್ತು ಒಂದೂವರೆ ಗಂಟೆಯಲ್ಲಿ ಮುಗೀತು. ಉಳಿದ ಚೂರುಗಳಿಗೆ ಬೆಳಗಿನ ಜಾವದವರೆಗೂ ಕೆರೀತಾ ಕೂತಿತ್ತು. ಕೊನೆಗೆ ಬರದೇ ಉಳಿದದ್ದು 40 ಎಂಬಿಯಷ್ಟು. ಇಮೇಜನ್ನ ಓದೋಕೆ ಮಾತ್ರ ಅಂತ ಮೌಂಟ್ ಮಾಡಿದಾಗ ಫೋಲ್ಡರ್ ಕಾಣಿಸ್ತು. ರೂಮ್‌ಮೇಟ್ ಏನೂ ಮಾತಾಡದೆ ಹೊರಗೆ ಹೋಗಿ ಮೂರು ಟೀ ತಂದ.

ಪೂರ್ತಿ ಸಿಕ್ಕಿತು ಅಂತ ಹೇಳೋ ಹಾಗಿದ್ರೆ ಚೆನ್ನಾಗಿರ್ತಿತ್ತು. ಮಾರ್ಚ್ ತಿಂಗಳ ಫೈಲ್ ಮಾತ್ರ ಅರ್ಧಕ್ಕೆ ಕತ್ತರಿಸಿತ್ತು, 11 ದಿನದ ರೀಡಿಂಗ್ ಇರಲಿಲ್ಲ. ಅದರ ಪಕ್ಕದಲ್ಲೇ ‘ಫೌಂಡ್.000’ ಅಂತ ಒಂದು ಹೊಸ ಫೋಲ್ಡರ್, ಅದರೊಳಗೆ ‘.ಸಿಎಚ್‌ಕೆ’ ಅಂತ ಕೊನೆಯಾಗೋ ಫೈಲ್‌ಗಳು. ಅದು ನನ್ನ ಚೆಕ್‌ಡಿಸ್ಕ್ ಮಾಡಿದ ಕೆಲಸ. ಯಾವ ಫೈಲಿಗೆ ಸೇರಿದ್ದು ಅಂತ ಗೊತ್ತಾಗದ ಚೂರುಗಳನ್ನ ಅಲ್ಲಿ ಗುಡ್ಡೆ ಹಾಕಿತ್ತು. ಪುಣ್ಯಕ್ಕೆ ಸಿಎಸ್‌ವಿ ಅಂದ್ರೆ ಬರೀ ಟೆಕ್ಸ್ಟ್. ಒಂದೊಂದನ್ನೇ ಎಡಿಟರ್‌ನಲ್ಲಿ ತೆರೆದು, ತಾರೀಕು ನೋಡ್ಕೊಂಡು ಸಾಲುಗಳನ್ನ ಜೋಡಿಸಿದ್ವಿ. ಆರು ದಿನ ಸಿಕ್ತು. ಐದು ದಿನ ಹೋಯ್ತು. ರಿವ್ಯೂನಲ್ಲಿ ಗ್ರಾಫಿನ ಮಧ್ಯೆ ಖಾಲಿ ಇದ್ದ ಜಾಗವನ್ನ ಗೈಡ್ ಕೇಳಿದಾಗ, ಸೆನ್ಸರ್ ಕೆಟ್ಟಿತ್ತು ಅಂತ ಹೇಳೋಣ ಅಂದುಕೊಂಡಿದ್ದವನು ಇದ್ದದ್ದು ಇದ್ದ ಹಾಗೆ ಹೇಳಿದ. ನಾನು ಹಿಂದೆ ತಲೆ ತಗ್ಗಿಸಿಕೊಂಡು ನಿಂತಿದ್ದೆ.

ಬಾಗಿಲೇ ತೆರೆಯದಿದ್ದಾಗ

ಅವನದು ಹಳೇ ಲ್ಯಾಪ್‌ಟಾಪ್, ಹಾಗಾಗಿ ಸಲೀಸಾಯ್ತು. ಈಗ ನಿಮ್ಮ ಕೈಲಿರೋ ಯಂತ್ರಗಳಲ್ಲಿ ಬೇರೆ ತೊಡಕುಗಳಿವೆ. ಎಲ್ಲಕ್ಕಿಂತ ದೊಡ್ಡದು ಬಿಟ್‌ಲಾಕರ್. ಹೊಸ ವಿಂಡೋಸ್ 11 ಲ್ಯಾಪ್‌ಟಾಪನ್ನ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡಿದರೆ, ಬಹಳಷ್ಟು ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿಬಿಡುತ್ತೆ. ಮಾಲೀಕರಿಗೆ ಗೊತ್ತೇ ಇರಲ್ಲ. ಲೈವ್ ಲಿನಕ್ಸ್‌ನಿಂದ ನೋಡಿದ್ರೆ ಡಿಸ್ಕ್ ಕಾಣುತ್ತೆ, ಒಳಗೆ ಬರೀ ಗೊಂದಲ. 48 ಅಂಕಿಯ ರಿಕವರಿ ಕೀ ಇದ್ದರೆ ಲಿನಕ್ಸ್‌ನ ಕ್ರಿಪ್ಟ್‌ಸೆಟಪ್ ಅಥವಾ ಡಿಸ್‌ಲಾಕರ್ ಅದನ್ನ ತೆರೆಯುತ್ತೆ. ಕೀ ಇಲ್ಲ ಅಂದ್ರೆ ಅಣ್ಣನೂ ಇಲ್ಲ, ಅಂಗಡಿಯವರೂ ಇಲ್ಲ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತೆ. ಇದನ್ನ ಓದ್ತಾ ಇರುವಾಗಲೇ, ಲ್ಯಾಪ್‌ಟಾಪ್ ಇನ್ನೂ ಚೆನ್ನಾಗಿರುವಾಗಲೇ, ಹೋಗಿ ಕಾಗದದ ಮೇಲೆ ಬರೆದಿಟ್ಕೊಳ್ಳಿ.

ಇದು ಹಾಸ್ಟೆಲ್ ಮಟ್ಟದ ಸಮಸ್ಯೆ ಅಂದ್ಕೋಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರಿನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಅದು ಮೈಕ್ರೋಸಾಫ್ಟೇ ಕೊಟ್ಟ ಅಂದಾಜು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಅವತ್ತು ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದುಕೊಟ್ರು. ಪರಿಹಾರ ಏನಿತ್ತು ಗೊತ್ತಾ? ಸೇಫ್ ಮೋಡ್‌ನಿಂದಲೋ ಹೊರಗಿನ ಡ್ರೈವ್‌ನಿಂದಲೋ ಬೂಟ್ ಮಾಡಿ, ಡ್ರೈವರ್ ಫೋಲ್ಡರಿಗೆ ಹೋಗಿ, 291 ಅನ್ನೋ ನಂಬರಿದ್ದ ಒಂದು ಫೈಲ್ ಅಳಿಸೋದು. ಐದು ನಿಮಿಷದ ಕೆಲಸ. ಆದರೆ ಏಳದ ಯಂತ್ರಕ್ಕೆ ನೆಟ್‌ವರ್ಕ್ ಮೂಲಕ ಆ ಐದು ನಿಮಿಷ ಕೊಡೋಕಾಗಲ್ಲ, ಬಹಳ ಕಡೆ ಜನ ಒಂದೊಂದೇ ಯಂತ್ರದ ಮುಂದೆ ಹೋಗಿ ಕೂರಬೇಕಾಯ್ತು. ಅದರಲ್ಲೂ ಬಿಟ್‌ಲಾಕರ್ ಇದ್ದ ಕಡೆ ಮೊದಲು ಕೀ ಹುಡುಕಬೇಕು.

ಇನ್ನು ಸಣ್ಣಪುಟ್ಟ ತೊಡಕುಗಳು. ಬೂಟ್ ಮೆನುಗೆ ಡೆಲ್, ಲೆನೋವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎಸ್ಕೇಪ್. ಸಿಸ್ಟಮ್‌ರೆಸ್ಕ್ಯೂ ಏಳಬೇಕಂದ್ರೆ ಸೆಕ್ಯೂರ್ ಬೂಟ್ ಆಫ್ ಮಾಡಬೇಕು, ಉಬುಂಟುಗೆ ಬೇಡ. ಆದರೆ ಬಿಟ್‌ಲಾಕರ್ ಇರೋ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದರೆ ಮುಂದಿನ ಸಲ ವಿಂಡೋಸ್ ಆ 48 ಅಂಕಿ ಕೇಳಬಹುದು, ಜೋಕೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಅಂದ್ರೂ ಅದು ಪೂರ್ತಿ ಮಲಗಿರಲ್ಲ, ಅರೆನಿದ್ದೆಯಲ್ಲಿರುತ್ತೆ. ಆಗ ಲಿನಕ್ಸ್ ಆ ಪಾರ್ಟಿಷನ್ ಮೇಲೆ ಬರೆಯೋಕೆ ಒಪ್ಪಲ್ಲ. ಬಲವಂತ ಮಾಡಬೇಡಿ, ಓದೋಕೆ ಮಾತ್ರ ತೆರೆದು ಕಾಪಿ ಮಾಡ್ಕೊಳ್ಳಿ. ಮತ್ತೆ, ಎಸ್‌ಎಸ್‌ಡಿಯಲ್ಲಿ ಕೈತಪ್ಪಿ ಅಳಿಸಿದ ಫೈಲ್ ಫೋಟೋರೆಕ್‌ನಿಂದ ಸಿಗುತ್ತೆ ಅಂತ ಆಸೆ ಇಟ್ಕೋಬೇಡಿ. ಅಳಿಸಿದ ಜಾಗ ಖಾಲಿ ಅಂತ ಟ್ರಿಮ್ ಕಮಾಂಡ್ ಡಿಸ್ಕ್‌ಗೆ ಹೇಳಿಬಿಡುತ್ತೆ, ಡಿಸ್ಕ್ ತನ್ನ ಪಾಡಿಗೆ ಅದನ್ನ ಒರೆಸುತ್ತೆ. ಕ್ಯಾಮೆರಾದ ಮೆಮೊರಿ ಕಾರ್ಡಿಗೆ, ಹಳೇ ಹಾರ್ಡ್ ಡಿಸ್ಕಿಗೆ ಫೋಟೋರೆಕ್ ಈಗಲೂ ದೇವರು.

ಇನ್ನೊಂದು ಮಾತು ಹೇಳಲೇಬೇಕು. ವಿಂಡೋಸ್ ಪಾಸ್‌ವರ್ಡ್ ಹಾಕಿದ್ದೀನಿ, ನನ್ನ ಫೈಲ್ ಭದ್ರ ಅಂತ ನಂಬಿದವರು ಈಗ ಯೋಚಿಸಿರ್ತೀರಿ. ಸರಿಯಾಗೇ ಯೋಚಿಸಿದ್ದೀರಿ. ಎನ್‌ಕ್ರಿಪ್ಷನ್ ಇಲ್ಲದ ಲ್ಯಾಪ್‌ಟಾಪ್‌ಗೆ ಆ ಪಾಸ್‌ವರ್ಡ್ ಬಾಗಿಲ ಪರದೆ ಇದ್ದ ಹಾಗೆ, ಬೀಗ ಅಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಎಲ್ಲಾ ಫೋಲ್ಡರ್ ಕಾಣುತ್ತೆ. ಹಾಗಾಗಿ ಮೇಲೆ ಬೈದ ಬಿಟ್‌ಲಾಕರನ್ನ ಆಫ್ ಮಾಡಿ ಅಂತ ನಾನು ಹೇಳಲ್ಲ, ಕೀ ಬರೆದಿಟ್ಕೊಳ್ಳಿ ಅಂತ ಹೇಳ್ತೀನಿ. ಲ್ಯಾಬಿನ ಯಂತ್ರಗಳ ಮೇಲೆ ಇದನ್ನ ಪ್ರಯೋಗ ಮಾಡೋಕೆ ಹೋಗಬೇಡಿ. ಇನ್‌ಸ್ಟ್ರಕ್ಟರನ್ನ ಕೇಳಿದ್ರೆ ಅವರೇ ಒಂದು ಹಳೇ ಸಿಪಿಯು ಕೊಡ್ತಾರೆ, ನಮಗೆ ಕೊಟ್ಟಿದ್ರು. 2 ಜಿಬಿ ರ್ಯಾಮ್‌ನ ಆ ಡಬ್ಬದಲ್ಲಿ ಪಪ್ಪಿ ಲಿನಕ್ಸ್ ಓಡೋದು ನೋಡಿದ್ರೆ ಹೊಟ್ಟೆ ತುಂಬುತ್ತೆ.

ಪೆನ್‌ಡ್ರೈವ್ ಮಾಡ್ಕೊಳ್ಳೋದು ಸುಲಭ. ವೆಂಟಾಯ್ ಅನ್ನೋ ಸಾಫ್ಟ್‌ವೇರನ್ನ ಒಂದು ಸಲ ಪೆನ್‌ಡ್ರೈವ್‌ಗೆ ಹಾಕಿದ್ರೆ, ಆಮೇಲೆ ಐಎಸ್‌ಒ ಫೈಲ್‌ಗಳನ್ನ ಸಿನಿಮಾ ಕಾಪಿ ಮಾಡಿದ ಹಾಗೆ ಕಾಪಿ ಮಾಡಿದ್ರಾಯ್ತು. ಬೂಟ್ ಆದಾಗ ಯಾವುದು ಬೇಕು ಅಂತ ಪಟ್ಟಿ ತೋರಿಸುತ್ತೆ. ಡೌನ್‌ಲೋಡ್ ಆದ ಮೇಲೆ ಚೆಕ್‌ಸಮ್ ತಾಳೆ ನೋಡಿ, ಅರ್ಧಂಬರ್ಧ ಇಳಿದ ಐಎಸ್‌ಒ ನಡುರಾತ್ರಿ ಕೈ ಕೊಡೋದು ಬೇಡ. ನನ್ನದರಲ್ಲಿ ಈಗ ಸಿಸ್ಟಮ್‌ರೆಸ್ಕ್ಯೂ, ಇಡೀ ಡಿಸ್ಕನ್ನ ಇಮೇಜ್ ಮಾಡಿಡೋ ಕ್ಲೋನ್‌ಜಿಲ್ಲಾ, ಹಳೇ ಯಂತ್ರಗಳಿಗೆ ಪಪ್ಪಿ, ಸೆಕ್ಯೂರ್ ಬೂಟ್ ತಂಟೆ ಬೇಡ ಅಂದಾಗ ಬೇರೊಂದು ಪೆನ್‌ಡ್ರೈವಲ್ಲಿ ಬರೀ ಉಬುಂಟು. ಇನ್‌ಸ್ಟಾಲ್ ಮಾಡದೆ ‘ಟ್ರೈ’ ಅಂತ ಕೊಟ್ಟರೆ ಅದೂ ಲೈವ್ ಲಿನಕ್ಸೇ. ಫೈಲ್ ಎತ್ತಿಕೊಳ್ಳೋಕೆ ಅಷ್ಟು ಸಾಕು.

ಅಣ್ಣ ಪಾಸಾಗಿ ಹೋಗುವಾಗ ತಮ್ಮ ಪೆನ್‌ಡ್ರೈವನ್ನ ನನಗೇ ಬಿಟ್ಟು ಹೋದ್ರು, ಅದೀಗ ನನ್ನ ಬೀಗದ ಕೈ ಗೊಂಚಲಲ್ಲಿದೆ. ಐಎಸ್‌ಒ ಬೇಕಾದವರು ಕನ್ನಡ ಸಂಘದ ಶನಿವಾರದ ಮೀಟಿಂಗ್ ಆದ ಮೇಲೆ ಬನ್ನಿ, ಕಾಪಿ ಮಾಡ್ಕೊಡ್ತೀನಿ. 8 ಜಿಬಿ ಪೆನ್‌ಡ್ರೈವ್ ಸಾಕು. ಆದರೆ ಅದರಲ್ಲಿರೋ ಫೈಲ್‌ಗಳನ್ನ ಮೊದಲೇ ಬೇರೆ ಕಡೆ ತೆಗೆದಿಟ್ಟು ಬನ್ನಿ ಮಾರಾಯ್ರೆ, ವೆಂಟಾಯ್ ಹಾಕುವಾಗ ಪೂರ್ತಿ ಫಾರ್ಮ್ಯಾಟ್ ಆಗುತ್ತೆ.